ನ್ಯಾಯಕ್ಕೂ ಬೇಕು ಲೆಕ್ಕಪತ್ರ

ಭಾರತೀಯ ಮೂಲದವರೊಬ್ಬರು ಅಮೆರಿಕದ ದೊಡ್ಡ ಕಂಪನಿಗೆ ಸಿಇಒ ಆದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಭಿನಂದನೆಯ ಮಳೆ ಸುರಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವನಿತಾ ಗುಪ್ತಾ ಎಂಬ ವಕೀಲೆಯ ಹೆಸರು ನಮ್ಮ ಕನ್ನಡ ಕೂಟಗಳಲ್ಲಿ ಕೇಳಿಬರುವುದು ಅಪರೂಪ. ಅವರು ಕನ್ನಡಿಗರಲ್ಲ ನಿಜ. ಆದರೂ ನಾಗರಿಕ ಹಕ್ಕುಗಳಿಗಾಗಿ ಅವರು ನಡೆಸಿದ ಕೆಲಸವನ್ನು ಇಲ್ಲಿ ಮನೆ ಮಾಡಿಕೊಂಡಿರುವ ನಾವೆಲ್ಲರೂ ತಿಳಿದಿರಬೇಕು.

ಫಿಲಡೆಲ್ಫಿಯಾದಲ್ಲಿ 1974ರಲ್ಲಿ ಭಾರತೀಯ ವಲಸಿಗ ದಂಪತಿಗೆ ಹುಟ್ಟಿದ ವನಿತಾ, 2001ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು ಎನ್‌ಎಎಸಿಪಿ ಲೀಗಲ್ ಡಿಫೆನ್ಸ್ ಫಂಡ್ ಸೇರಿದರು. ಅವರ ಕೈಗೆ ಬಂದ ಮೊದಲ ದೊಡ್ಡ ಪ್ರಕರಣ ಟೆಕ್ಸಾಸ್‌ನ ಟೂಲಿಯಾ ಎಂಬ ಸಣ್ಣ ಊರಿನದು. 1999ರ ಜುಲೈನಲ್ಲಿ ಅಲ್ಲಿ ಮಾದಕವಸ್ತು ಮಾರಾಟದ ಆರೋಪದ ಮೇಲೆ 46 ಜನರನ್ನು ಬಂಧಿಸಲಾಗಿತ್ತು. ಹೆಚ್ಚಿನವರು ಕಪ್ಪುವರ್ಣೀಯರು. ಸಾಕ್ಷಿ ಎಂದರೆ ಮಾರುವೇಷದ ಒಬ್ಬ ಪೊಲೀಸನ ಮಾತು ಮಾತ್ರ. ಧ್ವನಿಮುದ್ರಣವಿಲ್ಲ, ವಿಡಿಯೊ ಇಲ್ಲ. ಬಂಧಿಸುವಾಗ ಮಾಲು ಸಿಕ್ಕಿರಲಿಲ್ಲ, ಹಣವೂ ಸಿಕ್ಕಿರಲಿಲ್ಲ. ಆದರೂ ಒಬ್ಬರಿಗೆ 90 ವರ್ಷಗಳ ಶಿಕ್ಷೆಯಾಯಿತು!

ಲೆಕ್ಕಪತ್ರದಲ್ಲೇ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಈ ಪ್ರಕರಣದ ಒಂದು ಅಂಶ ಮನಸ್ಸಿಗೆ ನಾಟುತ್ತದೆ. ಪೊಲೀಸನ ಮಾತು ಸುಳ್ಳೆಂದು ತೋರಿಸಿದ ದಾಖಲೆಗಳಲ್ಲಿ ಒಂದು ಬ್ಯಾಂಕಿನದು. ಆರೋಪಿ ಮಹಿಳೆ ಅದೇ ಹೊತ್ತಿನಲ್ಲಿ ಬೇರೆ ರಾಜ್ಯದ ಒಕ್ಲಹೋಮಾ ಸಿಟಿಯಲ್ಲಿದ್ದರು ಎಂಬುದನ್ನು ಅದು ಹೇಳಿತು. ಇನ್ನೊಬ್ಬರನ್ನು ಕಾಪಾಡಿದ್ದು ಅವರು ಕೆಲಸದಲ್ಲಿದ್ದರೆಂದು ತೋರಿಸುವ ಹಾಜರಿ ಕಾರ್ಡ್. ವನಿತಾ ದೊಡ್ಡ ದೊಡ್ಡ ವಕೀಲ ಸಂಸ್ಥೆಗಳನ್ನು ಶುಲ್ಕವಿಲ್ಲದೆ ಈ ಕೆಲಸಕ್ಕೆ ಒಟ್ಟುಗೂಡಿಸಿದರು. 2003ರಲ್ಲಿ ಗವರ್ನರ್ ರಿಕ್ ಪೆರಿ 35 ಜನರಿಗೆ ಕ್ಷಮಾದಾನ ನೀಡಿದರು. ಸುಳ್ಳು ಸಾಕ್ಷಿ ನುಡಿದ ಪೊಲೀಸ್ 2005ರಲ್ಲಿ ತಪ್ಪಿತಸ್ಥನೆಂದು ಸಾಬೀತಾಯಿತು.

ಮುಂದೆ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್‌ನಲ್ಲಿ ಕೆಲಸ ಮಾಡಿದ ಅವರು, 2014ರ ಅಕ್ಟೋಬರ್‌ನಲ್ಲಿ ಕೇಂದ್ರ ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗದ ಮುಖ್ಯಸ್ಥೆಯಾದರು. ಮಿಸೌರಿಯ ಫರ್ಗುಸನ್‌ನಲ್ಲಿ ಮೈಕೆಲ್ ಬ್ರೌನ್ ಎಂಬ ಯುವಕ ಪೊಲೀಸ್ ಗುಂಡಿಗೆ ಬಲಿಯಾಗಿ ದೇಶವೇ ಕುದಿಯುತ್ತಿದ್ದ ಸಮಯವದು. 2015ರ ಮಾರ್ಚ್‌ನಲ್ಲಿ ಹೊರಬಂದ ಇಲಾಖೆಯ ವರದಿ ನಗರದ ಬಜೆಟ್ಟನ್ನೇ ಬಿಚ್ಚಿಟ್ಟಿತು. ಸುಮಾರು 1.33 ಕೋಟಿ ಡಾಲರ್‌ಗಳ ಸಾಮಾನ್ಯ ಆದಾಯದಲ್ಲಿ ಸುಮಾರು 31 ಲಕ್ಷವನ್ನು ದಂಡ ಮತ್ತು ಶುಲ್ಕದಿಂದಲೇ ಎತ್ತುವ ಲೆಕ್ಕಾಚಾರ ಅಲ್ಲಿತ್ತು. ಜನಸಂಖ್ಯೆಯಲ್ಲಿ ಶೇ 67ರಷ್ಟಿದ್ದ ಕಪ್ಪುವರ್ಣೀಯರು, ಬಂಧಿತರಲ್ಲಿ ಶೇ 93ರಷ್ಟಿದ್ದರು. ಮಹಿಳೆಯೊಬ್ಬರಿಗೆ 2007ರಲ್ಲಿ ಕಾರು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ 151 ಡಾಲರ್ ದಂಡ ಬಿತ್ತು. ಅವರು ಆರು ದಿನ ಜೈಲಿನಲ್ಲಿ ಕಳೆದರು, 550 ಡಾಲರ್ ಕಟ್ಟಿದರು. 2014ರ ಡಿಸೆಂಬರ್‌ನಲ್ಲೂ 541 ಡಾಲರ್ ಬಾಕಿ ಉಳಿದಿತ್ತು. ಮೀಟರ್ ಬಡ್ಡಿಯವರೂ ನಾಚಬೇಕಾದ ಲೆಕ್ಕವಿದು. ಜನಾಂಗ ಭೇದ ಬೈಗುಳದಲ್ಲಿ ಮಾತ್ರವಲ್ಲ, ಬಜೆಟ್ಟಿನ ಒಂದು ಸಾಲಿನಲ್ಲೂ ಅಡಗಿ ಕೂತಿರುತ್ತದೆ.

2017ರಲ್ಲಿ ಅವರು ಲೀಡರ್‌ಶಿಪ್ ಕಾನ್ಫರೆನ್ಸ್ ಆನ್ ಸಿವಿಲ್ ಆ್ಯಂಡ್ ಹ್ಯೂಮನ್ ರೈಟ್ಸ್‌ನ ಅಧ್ಯಕ್ಷೆಯಾದರು. ಇದು ಎ. ಫಿಲಿಪ್ ರಾಂಡಾಲ್ಫ್, ರಾಯ್ ವಿಲ್ಕಿನ್ಸ್ ಮತ್ತು ಆರ್ನಾಲ್ಡ್ ಆರನ್ಸನ್ 1950ರಲ್ಲಿ ಕಟ್ಟಿದ ಒಕ್ಕೂಟ. 2021ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆಯ ಮೂರನೇ ಅತ್ಯುನ್ನತ ಹುದ್ದೆಗೆ ಸೆನೆಟ್ ಅವರನ್ನು 51–49 ಮತಗಳಿಂದ ಒಪ್ಪಿತು. ಪೊಲೀಸ್ ವ್ಯವಸ್ಥೆ ಕುರಿತ ಅವರ ಹಿಂದಿನ ಮಾತುಗಳನ್ನು ಹಿಡಿದು ವಿರೋಧಿಸಿದವರು ಬಹಳ. ಆದರೆ ಪೊಲೀಸರದೇ ದೊಡ್ಡ ಸಂಘಟನೆಯಾದ ಫ್ರಟರ್ನಲ್ ಆರ್ಡರ್ ಆಫ್ ಪೊಲೀಸ್ ಅವರ ಬೆನ್ನಿಗೆ ನಿಂತಿತ್ತು. ಎದುರಾಳಿಯೊಂದಿಗೂ ಕೂತು ಮಾತನಾಡಬಲ್ಲವರಿಗೆ ಮಾತ್ರ ಸಿಗುವ ಮನ್ನಣೆ ಅದು.

‘ಇದೆಲ್ಲ ಅಮೆರಿಕದ ಕರಿಯ–ಬಿಳಿಯರ ಜಗಳ, ನಮಗೇಕೆ?’ ಎನ್ನುವವರು ನಮ್ಮಲ್ಲಿದ್ದಾರೆ. ಅವರು ಸ್ವಲ್ಪ ಹಿಂದಿನ ಖಾತೆ ತೆರೆದು ನೋಡಲಿ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. 1946ರ ನಂತರವೂ ಭಾರತಕ್ಕಿದ್ದದ್ದು ವರ್ಷಕ್ಕೆ ನೂರು ಜನರ ಕೋಟಾ. ಬಾಗಿಲು ತೆರೆದದ್ದು 1965ರ ವಲಸೆ ಕಾನೂನಿನಿಂದ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 1965ರ ಮತದಾನದ ಹಕ್ಕು ಕಾಯ್ದೆಗೆ ದಾರಿ ಮಾಡಿದ ಹೋರಾಟದ ಕಾವಿನಲ್ಲೇ ಆ ಕಾನೂನೂ ಬಂತು. ನಾಯಿ, ಲಾಠಿ, ಜೈಲು ಎದುರಿಸಿದವರು ಕಪ್ಪುವರ್ಣೀಯರು. ಆ ಹೋರಾಟದ ಫಲ ನಮ್ಮ ವೀಸಾದಲ್ಲೂ ಇದೆ. ಹತ್ತಿದ ಏಣಿಯನ್ನು ಒದೆಯುವುದು ನಮ್ಮ ಸಂಸ್ಕೃತಿಯಲ್ಲ.

ಎಲ್ಲರೂ ವನಿತಾ ಗುಪ್ತಾ ಆಗಬೇಕಿಲ್ಲ. ಪೌರತ್ವ ಪಡೆದವರು ಮತದಾರರ ಪಟ್ಟಿಗೆ ಹೆಸರು ಸೇರಿಸಲಿ. ಜ್ಯೂರಿ ಕರೆ ಬಂದಾಗ ತಪ್ಪಿಸಿಕೊಳ್ಳುವ ನೆಪ ಹುಡುಕದೆ ಹೋಗಿ ಕೂರಲಿ. ಟೂಲಿಯಾದಲ್ಲಿ ಒಬ್ಬನ ಬಾಯಿಮಾತು ನಂಬಿ ಶಿಕ್ಷೆಗೆ ಒಪ್ಪಿದ್ದು ಜ್ಯೂರಿಗಳೇ ಎಂಬುದು ನೆನಪಿರಲಿ. ಗ್ರೀನ್ ಕಾರ್ಡ್, ಎಚ್‌–1ಬಿ ಹೊಂದಿದವರಿಗೂ ಸಿಟಿ ಕೌನ್ಸಿಲ್ ಸಭೆಯ ಬಾಗಿಲು ತೆರೆದಿದೆ. ನಗರದ ಬಜೆಟ್ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ದಂಡದ ಆದಾಯ ಎಷ್ಟು, ಅದು ಯಾರ ಜೇಬಿನಿಂದ ಬರುತ್ತಿದೆ ಎಂದು ಕೇಳಲು ವಕೀಲರೇ ಬೇಕಿಲ್ಲ. ಲೆಕ್ಕ ಓದಬಲ್ಲವರಿಗೆ ನಮ್ಮಲ್ಲಿ ಬರವೂ ಇಲ್ಲ. ಯುಗಾದಿ, ರಾಜ್ಯೋತ್ಸವಗಳಿಗೆ ತಿಂಗಳುಗಟ್ಟಲೆ ತಯಾರಿ ನಡೆಸುವ ಕನ್ನಡ ಸಂಘಗಳು ವರ್ಷಕ್ಕೊಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಲಿ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಅಲ್ಲಿ ಬಂದು ಕೂರುತ್ತಾರೆ, ಏಕೆಂದರೆ ಈ ಊರು ಅವರದು.