ಪಕ್ಷವೋ, ಮನೆತನದ ಆಸ್ತಿಯೋ?

ಮುದಗಲ್ಲಿನ ಬಜಾರಿನಲ್ಲಿ ಅಪ್ಪನ ತರುವಾಯ ಮಗ ಕಿರಾಣಿ ಅಂಗಡಿಯ ಗಲ್ಲೆಯ ಮುಂದೆ ಕುಳಿತರೆ ಯಾರೂ ತಕರಾರು ಎತ್ತುವುದಿಲ್ಲ. ಬಂಡವಾಳ ಆ ಮನೆಯದು, ನಷ್ಟವಾದರೂ ಆ ಮನೆಗೇ. ಆದರೆ ರಾಜಕೀಯ ಪಕ್ಷದ ಬಂಡವಾಳ ಯಾರದು? ಮಿಲ್ಲಿನ ಪಾಳಿ ಮುಗಿಸಿ ಬಂದು ರಾತ್ರಿ ಗೋಡೆಗೆ ಪೋಸ್ಟರು ಹಚ್ಚಿದ ಕಾರ್ಮಿಕನದು. ಅಂದಿನ ಗಳಿಕೆಯಲ್ಲೇ ಚಂದಾ ಕೊಟ್ಟ ಸಣ್ಣ ವ್ಯಾಪಾರಿಯದು. ಯಜಮಾನಿಕೆ ಮಾತ್ರ ಒಂದೇ ಮನೆಗೆ ಹೋಗುವುದು ಯಾವ ನ್ಯಾಯ?

ಜಾತ್ಯತೀತ ಜನತಾದಳವನ್ನು ನೋಡಿ. ದೇವೇಗೌಡರು ರೈತಮನೆಯಿಂದ ಬಂದು ಪ್ರಧಾನಿಯಾದವರು. ಅವರ ದುಡಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2005ರಲ್ಲಿ ಸಿದ್ದರಾಮಯ್ಯನವರನ್ನು ಹೊರಹಾಕಿದರು. ಮರುವರ್ಷ ಮಗ ಕುಮಾರಸ್ವಾಮಿಯವರು ಮುಖ್ಯಮಂತ್ರಿ. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ನಿಂತದ್ದು 7 ಕ್ಷೇತ್ರಗಳಲ್ಲಿ. ಅದರಲ್ಲಿ 3 ತಾತನಿಗೂ ಇಬ್ಬರು ಮೊಮ್ಮಕ್ಕಳಿಗೂ! ಗೆದ್ದದ್ದು ಒಂದೇ. 2023ರಲ್ಲಿ ಭಾಜಪದ ಜೊತೆ ಮೈತ್ರಿ ಬೇಡವೆಂದ ರಾಜ್ಯಾಧ್ಯಕ್ಷ ಇಬ್ರಾಹಿಂ ಅವರ ಸಮಿತಿಯನ್ನೇ ವಿಸರ್ಜಿಸಿ, ಆ ಜಾಗಕ್ಕೆ ಕುಮಾರಸ್ವಾಮಿಯವರನ್ನು ಕೂರಿಸಿದರು. ಸದಸ್ಯರ ಓಟು ಕೇಳಿದವರುಂಟೆ?

ತಲೆ ಹೀಗಿದ್ದರೆ ಬಾಲ ಹೇಗಿದ್ದೀತು? ನಮ್ಮ ಲಿಂಗಸುಗೂರು ಕ್ಷೇತ್ರದಲ್ಲಿ 2013ರಲ್ಲಿ ಈ ಪಕ್ಷದಿಂದ ಗೆದ್ದ ಮಾನಪ್ಪ ವಜ್ಜಲ್ ಅವರು 2008ರಲ್ಲಿ ಭಾಜಪದವರು, 2023ರಲ್ಲಿ ಮತ್ತೆ ಭಾಜಪದವರು. ಧ್ವಜ ಕಟ್ಟಿದ ಬಡವ ಪ್ರತಿ ಸಲ ಬೀದಿಯಲ್ಲೇ ಉಳಿದ.

ಈ ರೋಗ ನಮ್ಮದೊಂದೇ ಅಲ್ಲ. ಆಫ್ರಿಕದ ಕೆನ್ಯಾದಲ್ಲಿ ವಿರೋಧ ಪಕ್ಷದ ಹಿರಿಯಾಳು ರೈಲಾ ಒಡಿಂಗಾ ಐದು ಸಲ ಅಧ್ಯಕ್ಷ ಪದವಿಗೆ ನಿಂತು ಸೋತವರು. ಅವರ ತಂದೆಯೂ ವಿರೋಧ ಪಕ್ಷದ ಮುಂದಾಳು. 2025ರ ಅಕ್ಟೋಬರಿನಲ್ಲಿ ನಮ್ಮ ಕೇರಳಕ್ಕೆ ಚಿಕಿತ್ಸೆಗೆ ಬಂದಿದ್ದಾಗ ತೀರಿಕೊಂಡರು. ಪಕ್ಷದ ಹಂಗಾಮಿ ನಾಯಕತ್ವ ಹೋದದ್ದು ಯಾರಿಗೆ? ಅವರ ಅಣ್ಣನಿಗೆ.

'ಜನ ಮುಖ ನೋಡಿ ಓಟು ಹಾಕುತ್ತಾರೆ ಸ್ವಾಮೀ' ಎನ್ನುವ ಪುಢಾರಿಗಳಿದ್ದಾರೆ. ಸುಳ್ಳು. ಗೇಣಿದಾರರು 1951ರಲ್ಲಿ ಕಾಗೋಡಿನಲ್ಲಿ ಎದ್ದು ನಿಂತದ್ದು ಯಾರ ಮುಖಕ್ಕೂ ಅಲ್ಲ, ಉಳುವ ನೆಲಕ್ಕೆ. ಅವರ ಜೊತೆ ನಿಂತ ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. ಗೇಣಿದಾರರ ಬೇಡಿಕೆ ಅವರೊಂದಿಗೆ ಸಾಯಲಿಲ್ಲ. 1974ರಲ್ಲಿ ಅದು ಭೂಸುಧಾರಣೆಯ ಕಾನೂನಾಗಿ ಬಂತು, ಅದೂ ಕಾಂಗ್ರೆಸ್ ಸರ್ಕಾರದ ಕೈಯಿಂದ.

ನಮ್ಮ ಮನೆಯೂ ಚೊಕ್ಕಟವಲ್ಲ ಎಂಬುದನ್ನು ಬಚ್ಚಿಡುವುದಿಲ್ಲ. 1955ರಲ್ಲಿ ಸಮಾಜವಾದಿಗಳು ಒಡೆದಾಗ ತತ್ವದ ಜಗಳದೊಳಗೆ ನಾಯಕರ ಹಟವೂ ಸಾಕಷ್ಟಿತ್ತು.

ಚಂದಾ ಪುಸ್ತಕ ಹಿಡಿದು ನಿಮ್ಮ ಅಂಗಡಿಗೆ, ಮಿಲ್ಲಿನ ಬಾಗಿಲಿಗೆ ಯಾರೇ ಬರಲಿ, ರಸೀತಿ ಹರಿಯುವ ಮುನ್ನ ಕೇಳಿ: ನಿಮ್ಮ ಅಧ್ಯಕ್ಷರನ್ನು ಯಾವ ದಿನ, ಎಷ್ಟು ಓಟಿನಿಂದ ಆರಿಸಿದಿರಿ? ನಮ್ಮವರು ಬಂದರೂ ಬಿಡಬೇಡಿ.