ಒಂದು ಅಗುಳಿನ ಪರೀಕ್ಷೆ

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಇಡೀ ಪಾತ್ರೆಯನ್ನು ಕಲಕಬೇಕಾಗಿಲ್ಲ. ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಕಾರ್ಖಾನೆಗಳಲ್ಲಿ ಅನಿಲವನ್ನು ಪರೀಕ್ಷಿಸುವ ಯಂತ್ರಗಳೂ ಈ ನಂಬಿಕೆಯ ಮೇಲೆಯೇ ನಡೆಯುತ್ತವೆ. ಆದರೆ ಅನ್ನದ ಅಗುಳು ಪಾತ್ರೆಯಿಂದ ಬೆರಳಿಗೆ ಬರುವಷ್ಟರಲ್ಲಿ ಬದಲಾಗುವುದಿಲ್ಲ. ಅನಿಲವಾದರೋ ದಾರಿಯಲ್ಲಿಯೇ ತನ್ನ ಗುಣವನ್ನು ಕಳೆದುಕೊಳ್ಳಬಲ್ಲದು.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳ ಕಡೆ ಇರುವಂಥ ಸಿಮೆಂಟ್ ಕಾರ್ಖಾನೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ತಿರುಗುವ ಕುಲುಮೆಯೊಳಗೆ ಸುಣ್ಣಕಲ್ಲಿನ ಮಿಶ್ರಣವು ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಹೊರಬರುವ ಅನಿಲದಲ್ಲಿ ಆಮ್ಲಜನಕ ಹೆಚ್ಚಾಗಿ ಉಳಿದಿದ್ದರೆ, ಬೇಡದ ಗಾಳಿಯನ್ನು ಕಾಯಿಸಲು ಇಂಧನ ವ್ಯರ್ಥವಾಯಿತೆಂದು ಅರ್ಥ. ತೀರ ಕಡಿಮೆಯಾದರೆ ಇಂಧನ ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಕೋಣೆಯಿರುವ ಕಾರ್ಖಾನೆಗಳಲ್ಲಿ ಈ ಅನಿಲ ಅಲ್ಲಿಗೆ ಹೊಕ್ಕು, ಒಂದು ಕಿಡಿ ತಗುಲಿದರೆ ಸ್ಫೋಟವಾಗಬಹುದು. ಆದುದರಿಂದ ಅದರ ಪ್ರಮಾಣ ಮಿತಿಮೀರಿದೊಡನೆ ಕೋಣೆಯ ವಿದ್ಯುತ್ತನ್ನು ನಿಲ್ಲಿಸುವ ಏರ್ಪಾಡು ಇರುತ್ತದೆ. ಆ ಅಪ್ಪಣೆಯನ್ನು ಕೊಡುವುದು ಅನಿಲ ಪರೀಕ್ಷಕ ಯಂತ್ರ.

ಈ ಯಂತ್ರಗಳು ಬಹು ಸೂಕ್ಷ್ಮವಾದವು. ಆಮ್ಲಜನಕವು ಅಯಸ್ಕಾಂತಕ್ಕೆ ಸೆಳೆಯಲ್ಪಡುತ್ತದೆ. ಈ ಗುಣವನ್ನು ಆಧರಿಸಿ 1940ರಲ್ಲಿ ಲೈನಸ್ ಪಾಲಿಂಗ್ ಎಂಬ ಅಮೆರಿಕದ ವಿಜ್ಞಾನಿ ಆಮ್ಲಜನಕದ ಮಾಪಕವನ್ನು ರಚಿಸಿದನು. ಕಾರ್ಬನ್ ಮಾನಾಕ್ಸೈಡನ್ನು, ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೀರುವುದರಿಂದ ಅಳೆಯುತ್ತಾರೆ. ನೀರಿನ ಆವಿಯೂ ಆ ಕಿರಣಗಳನ್ನು ಹೀರುತ್ತದೆಯಾದ ಕಾರಣ, ಒದ್ದೆಯ ಅನಿಲ ಒಳಹೊಕ್ಕರೆ ಲೆಕ್ಕ ತಪ್ಪುತ್ತದೆ.

ಕುಲುಮೆಯ ಬಾಯಲ್ಲಾದರೋ ಅನಿಲದ ಉಷ್ಣತೆ 1000 ಡಿಗ್ರಿಗೂ ಮಿಕ್ಕಿದ್ದು, ಧೂಳು ದಟ್ಟವಾಗಿರುತ್ತದೆ. ಅಲ್ಲಿ ನೀರಿನಿಂದ ತಂಪುಗೊಳಿಸಿದ ನಳಿಕೆಯನ್ನಿಟ್ಟು, ಧೂಳನ್ನು ಸೋಸಿ, ಸೋಸುಕವನ್ನು ಆಗಾಗ ಒತ್ತಿದ ಗಾಳಿಯಿಂದ ಊದಿ ಶುಚಿಮಾಡುತ್ತಾರೆ. ಮುಂದಿನ ಕೊಳವೆಯನ್ನು ಬಿಸಿಯಾಗಿಯೇ ಇಡಬೇಕು. ಅದು ತಣ್ಣಗಾದರೆ ಆವಿ ಹನಿಗಟ್ಟಿ, ಗಂಧಕದ ಡೈ ಆಕ್ಸೈಡ್ ಆ ನೀರಿನಲ್ಲಿ ಕರಗಿ ಕೊಳವೆಯನ್ನೇ ತಿನ್ನುತ್ತದೆ. ಕರಗಿಹೋದಷ್ಟು ಅನಿಲ ಯಂತ್ರದ ಲೆಕ್ಕಕ್ಕೂ ಸಿಗುವುದಿಲ್ಲ. ಯಂತ್ರದ ಬಳಿ ಬಂದ ಮೇಲೆ ಅನಿಲವನ್ನು ಥಟ್ಟನೆ 5 ಡಿಗ್ರಿಯ ಸುಮಾರಿಗೆ ತಣಿಸಿದರೆ, ಉಳಿಯುವ ಆವಿ ಶೇಕಡ 1ಕ್ಕಿಂತ ಕಡಿಮೆ.

ನೀರನ್ನು ತೆಗೆದುದರಿಂದ ಅಂಕಿಯೂ ಬದಲಾಗುತ್ತದೆ. ಶೇಕಡ 20 ಆವಿ, ಶೇಕಡ 4 ಆಮ್ಲಜನಕವಿದ್ದ ಅನಿಲವನ್ನು ಒಣಗಿಸಿದರೆ ಆಮ್ಲಜನಕ ಶೇಕಡ 5 ಎಂದು ತೋರುತ್ತದೆ. ಅಂಕಿ ಒಣ ಅನಿಲದ್ದೋ ಒದ್ದೆಯದ್ದೋ ಎಂಬುದನ್ನು ಬರೆದಿಡದಿದ್ದರೆ ಅದಕ್ಕೆ ಬೆಲೆಯಿಲ್ಲ.

ಎಲ್ಲಕ್ಕಿಂತ ಮೋಸದ್ದು ಸೋರಿಕೆ. ಪಂಪು ಅನಿಲವನ್ನು ಹೀರುತ್ತಿರುವುದರಿಂದ, ಕೊಳವೆಯ ಬಿರುಕಿನಲ್ಲಿ ಅನಿಲ ಹೊರಗೆ ಹೋಗದೆ ಹೊರಗಿನ ಗಾಳಿಯೇ ಒಳಗೆ ಬರುತ್ತದೆ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 21. ಯಂತ್ರ ಸೇರುವ ಅನಿಲದಲ್ಲಿ ಇಪ್ಪತ್ತರಲ್ಲೊಂದು ಪಾಲು ಇಂಥ ಗಾಳಿಯಾದರೂ ಸಾಕು, ಶೇಕಡ 2 ಇದ್ದ ಆಮ್ಲಜನಕ ಹೆಚ್ಚುಕಡಿಮೆ 3 ಎಂದು ಕಾಣುತ್ತದೆ. ಅದನ್ನು ನಂಬಿದ ಕೆಲಸಗಾರನು ಕುಲುಮೆಯ ಗಾಳಿಯನ್ನು ಇನ್ನಷ್ಟು ತಗ್ಗಿಸುತ್ತಾನೆ. ವಿಷಾನಿಲ ಹೆಚ್ಚುತ್ತದೆ, ಬೆರೆತ ಗಾಳಿಯ ದೆಸೆಯಿಂದ ಅದರ ಅಂಕಿಯೂ ಕಡಿಮೆಯಾಗಿಯೇ ತೋರುತ್ತದೆ.

ಕೊಳವೆಯ ಉದ್ದವೂ ಅಲಕ್ಷಿಸತಕ್ಕದ್ದಲ್ಲ. 4 ಮಿಲಿಮೀಟರ್ ಒಳವ್ಯಾಸದ 50 ಮೀಟರ್ ಕೊಳವೆಯಲ್ಲಿ ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುವ ಅನಿಲ ಯಂತ್ರ ತಲಪಲು ಸುಮಾರು 38 ಸೆಕೆಂಡು ಬೇಕು. ಅಪಾಯ ಅಷ್ಟು ಹೊತ್ತು ಕಾಯುವುದಿಲ್ಲ.

ಆದುದರಿಂದ ಪ್ರಮಾಣ ತಿಳಿದ ಅನಿಲವನ್ನು ಯಂತ್ರಕ್ಕೆ ನೇರವಾಗಿ ಕೊಟ್ಟು ಪರೀಕ್ಷಿಸಿದರೆ ಸಾಲದು. ಅದನ್ನು ಕುಲುಮೆಯ ಬಳಿಯ ನಳಿಕೆಯಿಂದಲೇ ಬಿಟ್ಟು ನೋಡಬೇಕು. ಸರಿಯಾದ ಅಂಕಿ ಬಂದರೆ ಯಂತ್ರದೊಡನೆ ದಾರಿಯೂ ಸರಿಯಾಗಿದೆಯೆಂದು ತಿಳಿಯಬಹುದು. ಬಾರದಿದ್ದರೆ ಯಂತ್ರವನ್ನು ಬಿಚ್ಚುವ ಮೊದಲು ಕೊಳವೆಯ ಬೆಸುಗೆಗಳನ್ನು ನೋಡುವುದು ಲೇಸು.