ಗಂಡಂದಿರ ‘ನಿನ್ನಿಷ್ಟ’

ಮನೆಗೆ ಸುಣ್ಣಬಣ್ಣದ ಮಾತು ಬಂದಾಗಲೆಲ್ಲ ನಮ್ಮ ಸುಶಿಕ್ಷಿತ ಗಂಡಸರು ಆಡುವ ಮಾತೊಂದಿದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಕೇಳಿರಿ, ಶಹಾಪುರದಲ್ಲಿ ಕೇಳಿರಿ, ಅದೇ ಮಾತು: “ನಿನಗ ಹೆಂಗ ಬೇಕೋ ಹಂಗ ಮಾಡಿಸು.” ಪುಸ್ತಕದ ಕನ್ನಡದಲ್ಲಿ ಹೇಳುವುದಾದರೆ, ನಿನ್ನಿಷ್ಟ. ಇದನ್ನು ಔದಾರ್ಯವೆಂದು ಬಗೆದವರೇ ಹೆಚ್ಚು. ಹೆಂಡತಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಗಂಡನನ್ನು ಬೀಗರೂ ಹೊಗಳುತ್ತಾರೆ. ನಾನು ಹೊಗಳಲಾರೆ. ಮಲಗುವ ಕೋಣೆಯ ಮಟ್ಟಿಗಂತೂ ಇದು ಕೆಲಸ ತಪ್ಪಿಸಿಕೊಳ್ಳುವ ಉಪಾಯವೆಂಬುದೇ ನನ್ನ ಅಭಿಪ್ರಾಯ.

ಏಕೆಂದರೆ ಈ ‘ನಿನ್ನಿಷ್ಟ’ದಲ್ಲಿ ಅಪೀಲಿನ ಹಕ್ಕನ್ನು ಗಂಡ ತನ್ನಲ್ಲಿಯೇ ಇಟ್ಟುಕೊಂಡಿರುತ್ತಾನೆ. ನನ್ನ ಪರಿಚಯದ ಮನೆಯೊಂದರಲ್ಲಿ ಹೆಂಡತಿ ತಿಳಿಹಸಿರು ಬಣ್ಣ ಆರಿಸಿದಳು. ಬಣ್ಣ ಹಚ್ಚುವವರು ಬಂದರು, ಹೋದರು. ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಊರಿಂದ ಬಂದ ಅತ್ತೆ, “ಏನಿದು, ದವಾಖಾನಿ ಆಗೇದಲ್ಲ!” ಎಂದಾಗ ಯಜಮಾನರು ಥಟ್ಟನೆ ಉತ್ತರ ಕೊಟ್ಟರು: “ಅಕಿನ್ನ ಕೇಳು, ಅಕೀನ ಆರಿಸಿದ್ದು.” ಬಣ್ಣ ಚೆನ್ನಾಗಿದ್ದರೆ ಮನೆಯದು, ಕೆಟ್ಟಿದ್ದರೆ ಹೆಂಡತಿಯದು! 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಂಗಸಿಗೆ ಅವಳ ಆಸ್ತಿಯ ಪೂರ್ಣ ಒಡೆತನವನ್ನು ಕೊಟ್ಟಿತು; ಆದರೂ ಗೋಡೆಗೆ ಒಂದು ಮೊಳೆ ಹೊಡೆಯುವಾಗ ಅವಳು ಇಂದಿಗೂ ಹಿಂದುಮುಂದು ನೋಡುತ್ತಾಳೆ.

ಹಳೆಯ ಕಾಲವೇ ಚೆನ್ನಾಗಿತ್ತೆನ್ನುವವರ ಸಾಲಿನಲ್ಲಿ ನನ್ನನ್ನು ಕೂರಿಸಬೇಡಿರಿ. ನನ್ನ ತವರು ಖಾನಾಪುರ. ಅಲ್ಲಿಯ ಮಣ್ಣು ಹಂಚಿಗೂ ಕುಂಬಾರಿಕೆಗೂ ಹೆಸರಾದದ್ದು. ಕುಂಬಾರಿಕೆ ಕಲಿಸುವುದಕ್ಕೆಂದೇ ಒಂದು ಕೇಂದ್ರೀಯ ಸಂಸ್ಥೆ ಅಲ್ಲಿದೆ. ನಮ್ಮ ಹಂಚಿನ ಮನೆಗೆ ಕಟ್ಟೆ, ಪಡಸಾಲೆ, ನಡುಮನೆ, ದೇವರ ಮನೆ, ಅಡಿಗೆಮನೆ, ಬಾಣಂತಿಯ ಕೋಣೆ, ಕಾಳುಕಡಿಗೆ ಅಟ್ಟ ಎಲ್ಲವೂ ಇದ್ದವು. ಗಂಡಹೆಂಡಿರಿಗೆ ಕೋಣೆ ಮಾತ್ರ ಇರಲಿಲ್ಲ. ಕಾಳಿಗೆ ಅಟ್ಟ ಕಟ್ಟಿದವರಿಗೆ ದಂಪತಿಗಳಿಗೆ ನಾಲ್ಕು ಗೋಡೆ ಕಟ್ಟಬೇಕೆಂದು ತೋಚಲಿಲ್ಲ. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂದಂದಿನಿಂದ ಕನ್ನಡಿಗರು ದಾಂಪತ್ಯದ ಒಲವನ್ನು ಬಾಯಿಪಾಠ ಮಾಡಿದ್ದಾರೆ. ಆ ಒಲವು ಕೂತು ಮಾತಾಡುವ ಜಾಗವನ್ನು ಎಷ್ಟು ಮನೆಗಳು ಕೊಟ್ಟಾವು ಎಂದು ತರಗತಿಯಲ್ಲಿ ಪಾಠ ಹೇಳುವಾಗ ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಹಬ್ಬದ ಮುಂಚೆ ಮನೆ ಸಾರಿಸುವ ಕೆಲಸದಲ್ಲಿ ಮಾತ್ರ ಎಲ್ಲರ ಕೈಯೂ ಇರುತ್ತಿತ್ತು. ನಮ್ಮಪ್ಪ ಏಣಿ ಹತ್ತಿ ಸುಣ್ಣ ಬಳಿದರೆ ಅವ್ವ ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದಳು. ಈಗ ಕೋಣೆಯೇನೋ ಬಂದಿದೆ, ಅದರ ಕೆಲಸ ಗುತ್ತಿಗೆಗೆ ಹೋಗಿದೆ. ಗುತ್ತಿಗೆಯವನು ಮೊಬೈಲಿನಲ್ಲಿ ಹತ್ತು ಚಿತ್ರ ತೋರಿಸುತ್ತಾನೆ. ಹತ್ತೂ ಗೋವೆಯ ದಾರಿಯ ಲಾಡ್ಜಿನ ಕೋಣೆಗಳಂತಿರುತ್ತವೆ. ಅದರಲ್ಲೊಂದನ್ನು ‘ನಿನ್ನಿಷ್ಟ’ದಿಂದ ಆರಿಸಬೇಕು.

ಬಣ್ಣದ ಚಂದ ಒತ್ತಟ್ಟಿಗಿರಲಿ, ಗೋಡೆಯ ಆರೋಗ್ಯವನ್ನಾದರೂ ನೋಡಬೇಡವೆ? ಜೂನದಿಂದ ಸಪ್ಟಂಬರದವರೆಗೆ ನಮ್ಮ ಊರಿನ ಮಳೆ ಗೊತ್ತಿದ್ದದ್ದೇ. ಖಾನಾಪುರದ ಮಳೆಯನ್ನಂತೂ ಕೇಳುವುದೇ ಬೇಡ. ಪಡುವಣ ಗೋಡೆ ನೀರು ಕುಡಿದು ಕೂತಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಬಣ್ಣ ಗುಳ್ಳೆ ಏಳುತ್ತದೆ, ಪದರು ಕಳಚುತ್ತದೆ. ಸುಣ್ಣ ಹಾಗಲ್ಲ, ತೇವವನ್ನು ಹೊರಬಿಡುತ್ತದೆ, ಅದರ ಖಾರಕ್ಕೆ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಆದರೆ ಪ್ಲಾಸ್ಟಿಕ್ ಬಣ್ಣದ ಮೇಲೆ ಸುಣ್ಣ ನಿಲ್ಲದು, ಹಳೆಯದನ್ನು ಪೂರ್ತಿ ಕೆರೆಯಬೇಕು. ಅದಕ್ಕೂ ಮೊದಲು ಹೊರಗಿನ ಬಿರುಕು ಮುಚ್ಚಬೇಕು, ಮಳೆ ನಿಂತು ಗೋಡೆ ಒಣಗುವವರೆಗೆ ಕಾಯಬೇಕು. ಬಾಗಿಲು ಕಿಟಕಿಗಳ ಹಳೆಯ ಎಣ್ಣೆಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರದಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಯಾರು ಬಲ್ಲರು?

ಇದನ್ನೆಲ್ಲ ಒಬ್ಬರೇ ತಿಳಿದಿರುವುದು ಅಪರೂಪ. ಕಪಾಟು ತೆರೆದಾಗ ಇಳಕಲ್ ಸೀರೆಗೆ ಬೂಷ್ಟಿನ ವಾಸನೆ ಹಿಡಿದದ್ದು ಹೆಂಡತಿಗೆ ಗೊತ್ತು. ಮಾಳಿಗೆಯ ನೀರಿನ ಕೊಳವೆ ಎಲ್ಲಿ ಸೋರುತ್ತದೆಂಬುದು ಹೆಚ್ಚಿನ ಮನೆಗಳಲ್ಲಿ ಗಂಡನಿಗೆ ಗೊತ್ತು. ಇಬ್ಬರೂ ಮಾತಾಡದಿದ್ದರೆ ಕೊಳವೆಗೂ ಸೀರೆಗೂ ಇರುವ ಸಂಬಂಧ ಯಾರಿಗೂ ತಿಳಿಯದೆ, ಎರಡು ವರ್ಷಕ್ಕೊಮ್ಮೆ ಪುಟ್ಟಿಗೆ ದುಡ್ಡು ಸುರಿಯುವುದಾಗುತ್ತದೆ.

ಹೆಂಗಸರಲ್ಲಿಯೂ ‘ಇದು ನನ್ನ ರಾಜ್ಯ, ನಿಮಗೇನು ತಿಳಿಯುತ್ತದೆ’ ಎನ್ನುವವರಿದ್ದಾರೆ. ಬೇರೆಡೆ ಸಿಗದ ಅಧಿಕಾರವನ್ನು ಪರದೆ, ಹಾಸಿಗೆಗಳ ಮೇಲೆ ಚಲಾಯಿಸುವ ಈ ತಾಯಂದಿರ ಮೇಲೆ ನನಗೆ ಸಿಟ್ಟಿಗಿಂತ ಕನಿಕರವೇ ಹೆಚ್ಚು. ಆದರೂ ಆ ಕೋಣೆಯಲ್ಲಿ ಗಂಡನೂ ಮಲಗುತ್ತಾನಷ್ಟೆ!

“ಇಬ್ಬರೂ ಕೂಡಿ ಮಾಡಹೋದರೆ ಜಗಳವಾಗುತ್ತದಲ್ಲ ಮೇಡಂ” ಎಂದು ನಮ್ಮ ಸಿಬ್ಬಂದಿ ಕೋಣೆಯಲ್ಲಿ ಒಬ್ಬರು ಕೇಳಿದರು. ಆಗುತ್ತದೆ. ನಮ್ಮ ಮನೆಯಲ್ಲಿ ಗೋಡೆ ಕೆರೆದದ್ದು ನನ್ನ ಯಜಮಾನರು, ಸುಣ್ಣ ಕಲಸಿದ್ದು ನಾನು. ಕಿಟಕಿಯ ಪಕ್ಕದಲ್ಲಿ ಅವರ ಕಪಾಟು ನಿಲ್ಲಬೇಕೋ ನನ್ನ ಮೇಜು ನಿಲ್ಲಬೇಕೋ ಎಂಬುದಕ್ಕೆ ಮೂರು ದಿನ ವಾದ ನಡೆಯಿತು. ಇಪ್ಪತ್ತು ವರ್ಷ ನಾನು ಮಂಚದ ಮೇಲೆ ಕೂತು ಉತ್ತರಪತ್ರಿಕೆ ತಿದ್ದಿದ್ದೇನೆಂಬ ಸಂಗತಿ ಅವರಿಗೆ ಆ ವಾದದಲ್ಲಿ ಮೊದಲ ಸಲ ತಿಳಿಯಿತು. “ಹೇಳಬಾರದಿತ್ತೇನು?” ಎಂದರು. ಕೇಳಿದ್ದರೆ ತಾನೆ ಹೇಳುವುದು? ಮೇಜು ಕಿಟಕಿಗೆ ಬಂತು. ಕಪಾಟು ಒಳಗೋಡೆಗೆ ಹೋಯಿತು.

ಈ ಸಲ ಮಳೆ ಮುಗಿದ ಮೇಲೆ ಖಡೇಬಜಾರಕ್ಕೆ ಬಣ್ಣ ತರಲು ಹೊರಡುವ ಯಜಮಾನರುಗಳಲ್ಲಿ ನನ್ನದೊಂದು ಬಿನ್ನಹ. ಅಂಗಡಿಗೆ ಇಬ್ಬರೂ ಹೋಗಿರಿ. ಹೋಗುವ ಮುಂಚೆ ಮಲಗುವ ಕೋಣೆಯ ಕಪಾಟಿನ ಒಂದು ಮಗ್ಗುಲು ನೀವು, ಇನ್ನೊಂದು ಮಗ್ಗುಲು ಅವರು ಹಿಡಿದು ಮುಂದಕ್ಕೆ ಸರಿಸಿ ಹಿಂದಿನ ಗೋಡೆಯನ್ನು ಮುಟ್ಟಿ ನೋಡಿರಿ. ಮರಳಿ ಇಡುವಾಗ ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿರಿ.